ಡ್ರೈವರುಗಳಲ್ಲಿ ಕಾಲಸ್ಪರ್ಧೆ: ಒಂದು ಪ್ರಮಾದ ಮತ್ತು ಅದರ ಪರಿಹಾರ

(ಚೆನ್ನೈ ಕನ್ನಡಿಗರ ಸಭೆಯಲ್ಲಿ ಮಾಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಕಾವ್ಯಕ್ಕೂ ಶಾಸನಕ್ಕೂ ವ್ಯಾಕರಣಕ್ಕೂ ಸಲ್ಲುತ್ತ ಬಂದಿರುವ ಇಂಥದೊಂದು ವೇದಿಕೆಯಿಂದ, ಗಣಕಯಂತ್ರದ ಒಳಗೆ, ಅದರಲ್ಲಿಯೂ ಬಳಸುವವರ ಕಣ್ಣಿಗೆ ಎಂದೂ ಬೀಳದಷ್ಟು ಆಳದಲ್ಲಿ, ನಡೆಯತಕ್ಕ ಒಂದು ಪ್ರಮಾದವನ್ನೂ ಅದರ ಪರಿಹಾರವನ್ನೂ ಕುರಿತು ಮಾತನಾಡಲು ಅವಕಾಶವಿತ್ತ ಸಮಿತಿಯವರಿಗೆ ನಾನು ಕೃತಜ್ಞನಾಗಿದ್ದೇನೆ. ಈ ವಿಷಯವನ್ನು ಕನ್ನಡದಲ್ಲಿ ಹೇಳಬೇಕೆಂಬ ಆಸೆ ನನಗೆ ಬಹುಕಾಲದಿಂದ ಇದ್ದಿತು. ಅದನ್ನು ಚೆನ್ನೈಯಲ್ಲಿಯೇ ಹೇಳುವುದು ಉಚಿತವೆನ್ನಿಸಿದ್ದಕ್ಕೆ ಬೇರೊಂದು ಕಾರಣವುಂಟು. ಈ ಪ್ರಮಾದವನ್ನು ಊಹೆಯಿಂದಲ್ಲ, ತರ್ಕದಿಂದ ಗೆಲ್ಲಬೇಕೆಂದು ಹೊರಟವರಲ್ಲಿ ಕೆಲವರು ಈ ನಗರದ ಗಿಂಡಿಯಲ್ಲಿ ಓದಿದವರು, ಕೆಲವರು ತರಮಣಿಯಲ್ಲಿಯೂ ಸಿರುಸೇರಿಯಲ್ಲಿಯೂ ಕುಳಿತು ಚಿಂತಿಸಿದವರು. ಅವರ ಚಿಂತನೆಯ ಫಲವನ್ನು ಇಂದು ಬೆಂಗಳೂರಿನ ಪ್ರಯೋಗಶಾಲೆಗಳಲ್ಲಿಯೂ ಕಾಣಬಹುದಾಗಿದೆ.

ಮೊದಲು ಡ್ರೈವರ್ ಎಂದರೇನೆಂಬುದನ್ನು ಹೇಳಿಬಿಡುತ್ತೇನೆ. ಗಣಕದ ಸಮಸ್ತ ವ್ಯವಹಾರಗಳನ್ನೂ ನಡೆಸತಕ್ಕ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಂ ಎಂದು ಹೆಸರು. ಅದರ ತಿರುಳು ಕರ್ನಲ್. ಕೀಲಿಮಣೆ, ಡಿಸ್ಕು, ನೆಟ್‌ವರ್ಕ್ ಕಾರ್ಡು, ಕ್ಯಾಮರಾ, ಪ್ರಿಂಟರು ಇವುಗಳಲ್ಲಿ ಒಂದೊಂದರ ಸ್ವಭಾವವನ್ನೂ ಅರಿತು, ಅದರೊಡನೆ ಮಾತುಕತೆ ನಡೆಸಿ, ಬಂದ ಉತ್ತರವನ್ನು ಕರ್ನಲಿಗೆ ಒಪ್ಪಿಸುವ ಭಾಗವೇ ಡ್ರೈವರು. ಚೆನ್ನೈಯ ಸಿ-ಡ್ಯಾಕ್ ಸಂಸ್ಥೆಯವರು 2007ರಲ್ಲಿ ಹೊರತಂದ, ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಕೆಲಸಮಾಡಬಲ್ಲ ‘ಬಾಸ್’ ಎಂಬ ವ್ಯವಸ್ಥೆಯನ್ನು ನಿಮ್ಮಲ್ಲಿ ಅನೇಕರು ಶಾಲೆಗಳಲ್ಲಿಯೋ ಕಚೇರಿಗಳಲ್ಲಿಯೋ ಕಂಡಿರಬಹುದು. ಅದು ಡೆಬಿಯನ್ ಲಿನಕ್ಸ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಂನ ಆಧಾರದ ಮೇಲೆ ನಿಂತದ್ದರಿಂದ, ಲಿನಕ್ಸ್ ಡ್ರೈವರುಗಳ ಗುಣವೂ ದೋಷವೂ ಅದಕ್ಕೂ ಸಲ್ಲುತ್ತವೆ. ದೋಷಗಳು ಕಡಮೆಯೇನಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು 2001ರಲ್ಲಿ ಲಿನಕ್ಸ್ ಕರ್ನಲನ್ನು ಶೋಧಿಸಿ ನೋಡಿದಾಗ, ಕರ್ನಲಿನ ಉಳಿದ ಭಾಗಗಳಿಗಿಂತ ಡ್ರೈವರುಗಳಲ್ಲಿ ಕೆಲವು ಬಗೆಯ ದೋಷಗಳ ಪ್ರಮಾಣ ಮೂರರಿಂದ ಏಳು ಪಟ್ಟು ಅಧಿಕವಾಗಿದ್ದುದು ಕಂಡುಬಂದಿತು. ಕಾರಣವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ: ಕರ್ನಲಿನ ತಿರುಳನ್ನು ಬರೆಯುವವರು ಕೆಲವರು, ಓದುವವರು ಹಲವರು, ಡ್ರೈವರನ್ನಾದರೋ ಸಾಧನವನ್ನು ತಯಾರಿಸಿದ ಕಾರ್ಖಾನೆಯ ಒಬ್ಬಿಬ್ಬರು ಬರೆದು ಮುಂದಿನ ಸಾಧನದ ಕಡೆಗೆ ನಡೆದುಬಿಡುತ್ತಾರೆ.

ಈ ದೋಷಗಳಲ್ಲಿ ಅತ್ಯಂತ ಗೂಢವಾದದ್ದನ್ನು ತಂತ್ರಾಂಶದವರು ರೇಸ್ ಕಂಡೀಷನ್ ಎನ್ನುತ್ತಾರೆ. ಈ ಉಪನ್ಯಾಸದ ಮಟ್ಟಿಗೆ ಅದನ್ನು ಕಾಲಸ್ಪರ್ಧೆಯೆಂದು ಕರೆಯುತ್ತೇನೆ. ಸೀರಿಯಲ್ ಪೋರ್ಟಿನ ಡ್ರೈವರೊಂದು, ಬಂದು ಕಾದಿರುವ ಅಕ್ಷರಗಳ ಸಂಖ್ಯೆಯನ್ನು ಒಂದು ಎಣಿಕೆಯಲ್ಲಿ ಇಟ್ಟುಕೊಂಡಿದೆ; ಈ ಕ್ಷಣದಲ್ಲಿ ಆ ಎಣಿಕೆ 41 ಎಂದು ಭಾವಿಸೋಣ. ಬಳಕೆದಾರನ ಪ್ರೋಗ್ರಾಮು ಒಂದು ಅಕ್ಷರವನ್ನು ತೆಗೆದುಕೊಂಡಿದೆ; ಆದುದರಿಂದ ಡ್ರೈವರು ಎಣಿಕೆಯಲ್ಲಿ ಒಂದನ್ನು ಕಳೆಯಬೇಕು. ಕಳೆಯುವುದೆಂಬುದು ನಮಗೆ ಒಂದೇ ಕ್ರಿಯೆ. ಯಂತ್ರಕ್ಕಾದರೋ ಮೂರು: ಎಣಿಕೆಯನ್ನು ಓದುವುದು, ಒಂದನ್ನು ಕಳೆಯುವುದು, ಫಲವನ್ನು ಬರೆದಿಡುವುದು. ಡ್ರೈವರು 41ನ್ನು ಓದಿದ ಒಡನೆಯೇ ತಂತಿಯ ಮೂಲಕ ಹೊಸದೊಂದು ಅಕ್ಷರ ಬಂದು, ಸಾಧನವು ಇಂಟರಪ್ಟ್ ಎಂಬ ತಡೆಸೂಚನೆಯನ್ನು ಕಳುಹಿಸಿತೆನ್ನಿ. ನಡೆಯುತ್ತಿದ್ದ ಕೆಲಸ ಅಲ್ಲಿಯೇ ನಿಲ್ಲುತ್ತದೆ. ಇಂಟರಪ್ಟನ್ನು ನೋಡಿಕೊಳ್ಳತಕ್ಕ ಭಾಗವು ಎದ್ದು 41ನ್ನು ಓದಿ, ಒಂದನ್ನು ಕೂಡಿ, 42 ಎಂದು ಬರೆದು ನಿವೃತ್ತವಾಗುತ್ತದೆ. ಮೊದಲಿನ ಕೆಲಸ ಪುನಃ ಮುಂದುವರಿಯುತ್ತದೆ. ಅದರ ಕೈಯಲ್ಲಿರುವುದು ಹಳೆಯ 41. ಅದರಲ್ಲಿ ಒಂದನ್ನು ಕಳೆದು 40 ಎಂದು ಬರೆಯುತ್ತದೆ. ಒಂದು ಬಂದು ಒಂದು ಹೋದ ಮೇಲೆ ಉಳಿಯಬೇಕಾಗಿದ್ದುದು 41. ಒಂದಕ್ಷರ ಲೆಕ್ಕದಿಂದ ಜಾರಿಹೋಯಿತು, ಯಾವ ಸೂಚನೆಯೂ ಇಲ್ಲದೆ, ಯಾವ ಸಾಲಿನಲ್ಲಿಯೂ ತಪ್ಪಿಲ್ಲದೆ! ಎರಡು ಭಾಗಗಳನ್ನೂ ಬೇರೆಬೇರೆಯಾಗಿ ಓದಿದವನಿಗೆ ಎರಡೂ ನಿರ್ದುಷ್ಟವಾಗಿಯೇ ತೋರುವುವು. ತಪ್ಪು ಇರುವುದು ಅವೆರಡರ ನಡುವಣ ಕಾಲಸಂಬಂಧದಲ್ಲಿ. ಆ ಸಂಬಂಧವನ್ನು ಯಾರೂ ಎಲ್ಲಿಯೂ ಬರೆದಿರುವುದಿಲ್ಲ.

ಒಂದಕ್ಷರವೇ ತಾನೆ ಎನ್ನುವವರು ಇರಬಹುದು. ಥೆರಾಕ್-25 ಎಂಬ ವಿಕಿರಣಚಿಕಿತ್ಸಾ ಯಂತ್ರದಿಂದ 1985 ಮತ್ತು 1987ರ ನಡುವೆ ಅಮೆರಿಕ ಮತ್ತು ಕೆನಡಗಳಲ್ಲಿ ಆರು ಅಪಘಾತಗಳು ಸಂಭವಿಸಿ, ರೋಗಿಗಳು ವಿಪರೀತ ಪ್ರಮಾಣದ ಕಿರಣಗಳಿಗೆ ಗುರಿಯಾಗಿ, ಕೆಲವರು ಪ್ರಾಣವನ್ನೂ ಕಳೆದುಕೊಂಡರು. ಕೈಪಳಗಿದ ನಿರ್ವಾಹಕರು ತೆರೆಯ ಮೇಲಿನ ನಮೂದನ್ನು ಬಹು ಶೀಘ್ರವಾಗಿ ತಿದ್ದಿದಾಗ ಮಾತ್ರ ತಲೆಯೆತ್ತುತ್ತಿದ್ದ ಕಾಲಸ್ಪರ್ಧೆ ಅದರ ಕಾರಣಗಳಲ್ಲಿ ಒಂದಾಗಿತ್ತು. 2003ರ ಆಗಸ್ಟ್ 14ರಂದು ಅದೇ ಖಂಡದ ಈಶಾನ್ಯ ಭಾಗದಲ್ಲಿ ಸುಮಾರು 5 ಕೋಟಿ ಜನ ಕತ್ತಲೆಯಲ್ಲಿ ಮುಳುಗಿದಾಗ, ಓಹಾಯೊ ಪ್ರಾಂತದ ವಿದ್ಯುತ್ ನಿಯಂತ್ರಣಕೊಠಡಿಯಲ್ಲಿ ಎಚ್ಚರಿಕೆಯ ಗಂಟೆಗಳು ಮೌನವಾಗಿದ್ದುವು. ಒಂದೇ ದತ್ತರಾಶಿಯ ಮೇಲೆ ಎರಡು ಕಾರ್ಯಗಳು ಏಕಕಾಲದಲ್ಲಿ ಬರೆಯಹೋಗಿ ಎಚ್ಚರಿಕೆಯ ತಂತ್ರಾಂಶ ಕೊನೆಯಿಲ್ಲದ ಸುತ್ತಿನಲ್ಲಿ ಸಿಕ್ಕಿಬಿದ್ದಿತ್ತೆಂಬುದು ಅನಂತರ, ಅನೇಕ ವಾರಗಳ ಶೋಧನೆಯ ತರುವಾಯ ತಿಳಿಯಿತು. ಇವು ಡ್ರೈವರಿನ ಪ್ರಸಂಗಗಳಲ್ಲವಾದರೂ ರೋಗ ಅದೇ.

ಪರಿಹಾರದ ಮೂಲತತ್ತ್ವವನ್ನು ತಿಳಿಯಲು ಚೆನ್ನೈಯ ರಾಯಪುರಂ ನಿಲ್ದಾಣದ ಕಡೆಗೆ ಒಮ್ಮೆ ನೋಡುವುದು ಮೇಲು. 1856ರ ಜುಲೈ 1ರಂದು ದಕ್ಷಿಣ ಭಾರತದ ಮೊದಲ ರೈಲು ಅಲ್ಲಿಂದ ವಾಲಾಜಾ ರೋಡಿನ ಕಡೆಗೆ ಹೊರಟಿತು. ಹಳಿ ಒಂದೇ ಇದ್ದು, ಗಾಡಿಗಳು ಎರಡು ಕಡೆಗಳಿಂದಲೂ ಬರತಕ್ಕ ಮಾರ್ಗಗಳಲ್ಲಿ ಅವು ಎದುರುಬದುರಾಗದಂತೆ ತಡೆಯುವುದು ಹೇಗೆಂಬುದು ರೈಲ್ವೆಯವರನ್ನು ಬಹುಕಾಲ ಕಾಡಿದ ಪ್ರಶ್ನೆ. ವೇಳಾಪಟ್ಟಿಯನ್ನು ಎಷ್ಟು ನಿಷ್ಠೆಯಿಂದ ಪಾಲಿಸಿದರೂ ಒಂದು ಗಾಡಿ ತಡವಾದರೆ ಸಾಕು, ಅನಾಹುತ. ಕೊನೆಗೆ ನಮ್ಮ ದೇಶದ ಒಂಟಿಹಳಿಯ ಮಾರ್ಗಗಳಲ್ಲಿ ನೆಲೆನಿಂತ ಉಪಾಯ ಟೋಕನಿನದು: ಸ್ಟೇಷನ್ ಮಾಸ್ತರರು ಯಂತ್ರದಿಂದ ಲೋಹದ ಗುಂಡೊಂದನ್ನು ತೆಗೆದು, ಬೆತ್ತದ ಬಳೆಗೆ ಕಟ್ಟಿದ ಚೀಲದಲ್ಲಿಟ್ಟು ಎಂಜಿನ್ ಚಾಲಕನ ಕೈಗೆ ಕೊಡುತ್ತಿದ್ದರು, ಅದು ಮುಂದಿನ ನಿಲ್ದಾಣದ ಯಂತ್ರದೊಳಕ್ಕೆ ಬೀಳುವ ತನಕ ಆ ಎರಡು ನಿಲ್ದಾಣಗಳ ಯಂತ್ರಗಳಲ್ಲಿ ಯಾವುದೂ ಇನ್ನೊಂದು ಗುಂಡನ್ನು ಹೊರಬಿಡುತ್ತಿರಲಿಲ್ಲ. ಗಾಡಿ ಬೇಗ ಬರಲಿ, ತಡವಾಗಿ ಬರಲಿ, ದಾರಿಯಲ್ಲಿ ಕೆಟ್ಟು ನಿಲ್ಲಲಿ, ಸುರಕ್ಷತೆಗೆ ಭಂಗವಿಲ್ಲ. ಏಕೆಂದರೆ ಅದು ಗಡಿಯಾರವನ್ನು ನೆಚ್ಚಿಕೊಂಡಿಲ್ಲ, ಒಡೆತನವನ್ನು ನೆಚ್ಚಿಕೊಂಡಿದೆ. ಹಾಲೆಂಡಿನ ಎಡ್ಸ್‌ಖರ್ ಡೈಕ್‌ಸ್ಟ್ರ 1960ರ ದಶಕದಲ್ಲಿ ಏಕಕಾಲದ ಕಾರ್ಯಗಳನ್ನು ಅಂಕೆಯಲ್ಲಿಡಲು ಮಾಡಿದ ಸಾಧನಕ್ಕೆ ಸೆಮಫೋರ್ ಎಂದು ಹೆಸರಿಟ್ಟದ್ದು ರೈಲ್ವೆಯ ಕೈಮರವನ್ನು ನೆನೆದೇ. ಇಂದು ಡ್ರೈವರು ಬರೆಯುವವರು ಲಾಕ್ ಎನ್ನುವುದೂ ಇದೇ ವಂಶದ್ದು.

ನಾನು ಈ ಸಂಜೆ ಹೇಳಬೇಕೆಂದು ಬಂದಿರುವುದು ಇಷ್ಟೇ: ಕಾಲಸ್ಪರ್ಧೆಯನ್ನು ಕಾಲವನ್ನು ಬದಲಾಯಿಸುವುದರಿಂದ ಪರಿಹರಿಸಲಾಗದು. ಯಾವ ದತ್ತಾಂಶದ ಒಡೆತನ ಯಾವಾಗ ಯಾರದೆಂಬುದನ್ನು ನಿರ್ಣಯಿಸಿ, ಆ ನಿರ್ಣಯ ಎಲ್ಲ ಕ್ರಮಗಳಲ್ಲಿಯೂ ನಿಲ್ಲುವುದೆಂಬುದಕ್ಕೆ ಒಂದು ಯುಕ್ತಿಯನ್ನು ಬರೆದಿಡುವವರೆಗೆ ತಿದ್ದುಪಡಿ ಆಗಿಲ್ಲವೆಂದೇ ತಿಳಿಯಬೇಕು. ಮಾತು ಸರಳವಾಗಿ ಕಂಡರೂ ಆಚರಣೆಯಲ್ಲಿ ಇದನ್ನು ಮೀರುವವರೇ ಬಹಳ. ಅಂಬತ್ತೂರಿನ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ, ಅಳತೆಯ ಕಾರ್ಡೊಂದಕ್ಕೆ ಬರೆದಿದ್ದ ಡ್ರೈವರು ಎಂದಾದರೊಮ್ಮೆ ಯಂತ್ರವನ್ನೇ ಸ್ತಬ್ಧಗೊಳಿಸುತ್ತಿತ್ತು. ಎಲ್ಲಿ ನಿಲ್ಲುತ್ತದೆಂದು ತಿಳಿಯಲು ಅಲ್ಲಿನವರು ಒಂದು ಪ್ರಿಂಟ್ ಸಾಲನ್ನು ಸೇರಿಸಿದರು. ಸೇರಿಸಿದ ಕೂಡಲೆ ದೋಷ ಮಾಯವಾಯಿತು. ಅಕ್ಷರಗಳನ್ನು ಅಚ್ಚುಮಾಡಲು ತಗಲುವ ಅಲ್ಪಕಾಲವು ಎರಡು ಕಾರ್ಯಗಳನ್ನು ಪರಸ್ಪರ ದೂರ ಸರಿಸಿತ್ತು, ಅಷ್ಟೆ. ಆ ಸಾಲನ್ನು ತೆಗೆಯಲು ಯಾರಿಗೂ ಧೈರ್ಯ ಬಾರದೆ ಅದು ಹಾಗೆಯೇ ಗಿರಾಕಿಗಳ ಬಳಿಗೆ ಹೋಯಿತು. ಮುಂದೆ ವೇಗವಾದ ಪ್ರೊಸೆಸರಿನ ಯಂತ್ರಗಳು ಬಂದಾಗ ಹಳೆಯ ರೋಗ ಮರುಕಳಿಸಿತು. ನಾನು ಆ ಡ್ರೈವರನ್ನು ಓದಿ ನೋಡಿದ್ದೇನೆ. ಅದನ್ನು ಬರೆದವರು ಬುದ್ಧಿವಂತರೇ. ಒಡೆತನದ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ.

ಇನ್ನು ಪ್ರಕೃತ ವಿಷಯದ ಅತ್ಯುತ್ತಮ ದೃಷ್ಟಾಂತಕ್ಕೆ ಬರುತ್ತೇನೆ. 1794ರಲ್ಲಿ ಭೂಮಾಪನದ ಶಾಲೆಯಾಗಿ ಹುಟ್ಟಿ ಬೆಳೆದ ಗಿಂಡಿಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ಶ್ರೀರಾಮ್ ರಾಜಮಣಿಯವರು, ಮೈಕ್ರೋಸಾಫ್ಟಿನ ಸಂಶೋಧನಾ ವಿಭಾಗದಲ್ಲಿ ಥಾಮಸ್ ಬಾಲ್ ಅವರೊಡನೆ ಸೇರಿ 2000ದ ಸುಮಾರಿನಲ್ಲಿ ‘ಸ್ಲ್ಯಾಮ್’ ಎಂಬ ಯೋಜನೆಯನ್ನು ಕೈಗೊಂಡರು. ಡ್ರೈವರನ್ನು ಓಡಿಸಿ ನೋಡುವ ಬದಲು ಅದರ ಪಠ್ಯವನ್ನೇ ಓದಿ, ತೆಗೆದುಕೊಂಡ ಲಾಕನ್ನು ಬಿಡುವುದಕ್ಕೆ ಮುನ್ನ ಪುನಃ ತೆಗೆದುಕೊಳ್ಳಬಾರದು ಎಂಬಂತಹ ನಿಯಮಗಳನ್ನು ಅದು ಯಾವ ದಾರಿಯಲ್ಲಾದರೂ ಮುರಿಯುವುದೇ ಎಂಬುದನ್ನು ತಾರ್ಕಿಕವಾಗಿ ನಿರ್ಣಯಿಸುವುದು ಅದರ ಉದ್ದೇಶ. ವಿಂಡೋಸ್ ಡ್ರೈವರುಗಳನ್ನು ಬರೆಯುವವರ ಕೈಗೆ ಅದು ಸ್ಟ್ಯಾಟಿಕ್ ಡ್ರೈವರ್ ವೆರಿಫೈಯರ್ ಎಂಬ ಸಲಕರಣೆಯಾಗಿ ಬಂದಿತು. 2011ರಲ್ಲಿ ಆ ಕಾರ್ಯಕ್ಕಾಗಿ ಇಬ್ಬರಿಗೂ ಅಂತರರಾಷ್ಟ್ರೀಯ ಪ್ರಶಸ್ತಿಯೂ ಸಂದಿತು. ರಾಜಮಣಿಯವರು ತರುವಾಯ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಸಂಸ್ಥೆಗೆ ಬಂದು ಅದರ ಮುಖ್ಯಸ್ಥರೂ ಆದರು. ಆದರೆ ಸ್ಲ್ಯಾಮ್ ಒಂದು ಕಾಲಕ್ಕೆ ಥ್ರೆಡ್ ಎನ್ನಲಾಗುವ ಕಾರ್ಯಧಾರೆ ಒಂದನ್ನೇ ನೋಡಬಲ್ಲದು. ಕಾಲಸ್ಪರ್ಧೆಗೆ ಎರಡು ಬೇಕು. ಮೈಕ್ರೋಸಾಫ್ಟಿನ ಅದೇ ಸಂಶೋಧನಾ ವಿಭಾಗದ ಶಾಜ್ ಖದೀರ್ ಮತ್ತು ಅವರೊಡನೆ ಕೆಲಸಮಾಡಿದ ಡಿಂಗ್‌ಹಾವ್ ವೂ 2004ರಲ್ಲಿ, ಎರಡು ಧಾರೆಗಳ ಹೆಣಿಗೆಗಳಲ್ಲಿ ಕೆಲವನ್ನು ಒಂದೇ ಧಾರೆಯ ಪ್ರೋಗ್ರಾಮಾಗಿ ರೂಪಾಂತರಿಸಿ ಸ್ಲ್ಯಾಮಿಗೆ ಉಣಿಸುವ ಜಾಣ್ಮೆಯನ್ನು ಕಂಡುಹಿಡಿದು, ವಿಂಡೋಸಿನ ಅನೇಕ ಡ್ರೈವರುಗಳನ್ನು ಅದರಿಂದ ಶೋಧಿಸಿದರು. ಆಗ ಸಿಕ್ಕಿಬಿದ್ದದ್ದೇ ಬ್ಲೂಟೂತ್ ಡ್ರೈವರಿನ ದೋಷ; ಈ ಕ್ಷೇತ್ರದಲ್ಲಿ ಕೆಲಸಮಾಡುವವರೆಲ್ಲರೂ ಪಾಠವಾಗಿ ಓದತಕ್ಕ ಪ್ರಸಂಗ.

ಅದನ್ನು ಸ್ವಲ್ಪ ಸಾವಧಾನವಾಗಿ ನೋಡೋಣ. ಸಾಧನವನ್ನು ಕಿತ್ತುಹಾಕುವಾಗ ಡ್ರೈವರು ತಾನು ಪಡೆದ ಮೆಮೊರಿ ಮೊದಲಾದವನ್ನು ಹಿಂದಿರುಗಿಸಬೇಕು. ಆದರೆ ಯಾವುದಾದರೂ ಕೆಲಸ ನಡೆಯುತ್ತಿದ್ದರೆ ಅದು ಮುಗಿಯುವವರೆಗೆ ಕಾಯಬೇಕು. ಇದಕ್ಕಾಗಿ ಡ್ರೈವರಿನಲ್ಲಿ ನಡೆಯುತ್ತಿರುವ ಕೆಲಸಗಳದೊಂದು ಎಣಿಕೆ ಇದೆ. ಸಾಧನವೇ ಒಂದು ಕೆಲಸವೆಂಬಂತೆ ಅದು 1ರಿಂದ ಆರಂಭವಾಗುತ್ತದೆ. ನಿಲುಗಡೆಯ ಧ್ವಜವೊಂದಿದೆ. ಕೆಲಸವನ್ನು ಆರಂಭಿಸತಕ್ಕವನು ಮೊದಲು ಧ್ವಜವನ್ನು ನೋಡುತ್ತಾನೆ. ಅದು ಏರಿಲ್ಲದಿದ್ದರೆ ಎಣಿಕೆಯನ್ನು ಒಂದು ಹೆಚ್ಚಿಸಿ ಕೆಲಸಕ್ಕೆ ತೊಡಗುತ್ತಾನೆ. ಮುಗಿದ ಮೇಲೆ ಒಂದು ಇಳಿಸುತ್ತಾನೆ. ನಿಲ್ಲಿಸತಕ್ಕವನು ಧ್ವಜವನ್ನು ಏರಿಸಿ, ಎಣಿಕೆಯನ್ನು ಒಂದು ಇಳಿಸಿ, ಅದು ಸೊನ್ನೆಯಾಗುವವರೆಗೆ ಕಾದು, ಬಳಿಕ ಎಲ್ಲವನ್ನೂ ಹಿಂದಿರುಗಿಸುತ್ತಾನೆ. ಎಣಿಕೆಯನ್ನು ಏರಿಸುವ ಇಳಿಸುವ ಕ್ರಿಯೆಗಳು ಅವಿಭಾಜ್ಯವಾದವು. ನಾನು ಮೊದಲು ಹೇಳಿದ 41ರ ತೊಡಕು ಇಲ್ಲಿಲ್ಲ. ಆದರೂ ನೋಡಿ: ಆರಂಭಿಸುವವನು ಧ್ವಜವನ್ನು ನೋಡಿದ, ಏರಿಲ್ಲ, ಇನ್ನೇನು ಎಣಿಕೆಯನ್ನು ಹೆಚ್ಚಿಸಬೇಕು, ಅಷ್ಟರಲ್ಲಿ ಅವನ ಸರದಿ ತಪ್ಪಿ ನಿಲ್ಲಿಸುವವನ ಸರದಿ ಬಂದಿತು. ಅವನು ಧ್ವಜವನ್ನೇರಿಸಿ, ಎಣಿಕೆಯನ್ನು 1ರಿಂದ 0ಗೆ ಇಳಿಸಿ, ಕಾಯಬೇಕಾದ ಅಗತ್ಯವೇ ಇಲ್ಲವೆಂದು ಎಲ್ಲವನ್ನೂ ಹಿಂದಿರುಗಿಸಿಬಿಟ್ಟ. ಈಗ ಮೊದಲನೆಯವನು ಎಚ್ಚತ್ತು, ತಾನು ಆಗಲೇ ಧ್ವಜವನ್ನು ನೋಡಿಯಾಗಿದೆಯೆಂಬ ವಿಶ್ವಾಸದಿಂದ ಎಣಿಕೆಯನ್ನು ಹೆಚ್ಚಿಸಿ, ಇಲ್ಲದ ಮೆಮೊರಿಯ ಮೇಲೆ ಬರೆಯತೊಡಗುತ್ತಾನೆ. ಅವನು ನೋಡಿದ್ದು ಸತ್ಯವೇ ಆಗಿತ್ತು. ನೋಡಿದ ಸತ್ಯಕ್ಕೂ ಮಾಡಿದ ಕಾರ್ಯಕ್ಕೂ ನಡುವೆ ಜಗತ್ತು ಬದಲಾಗಿತ್ತು.

ಪರಿಹಾರವೆಂದರೆ ಕ್ರಮವನ್ನು ತಿರುಗಿಸುವುದು: ಮೊದಲು ಎಣಿಕೆಯನ್ನು ಹೆಚ್ಚಿಸಬೇಕು, ಅನಂತರ ಧ್ವಜವನ್ನು ನೋಡಬೇಕು, ಧ್ವಜ ಏರಿದ್ದರೆ ಹೆಚ್ಚಿಸಿದ್ದನ್ನು ಇಳಿಸಿ ಹಿಂದೆಗೆಯಬೇಕು. ಇದೇಕೆ ಸಾಕೆಂಬುದಕ್ಕೆ ಯುಕ್ತಿ ಹೀಗಿದೆ. ಆರಂಭಿಸುವವನು ಧ್ವಜ ಏರಿಲ್ಲದ್ದನ್ನು ಕಂಡಿದ್ದರೆ, ಅವನ ಎಣಿಕೆ ಧ್ವಜಕ್ಕಿಂತ ಮೊದಲೇ ಸೇರಿರುತ್ತದೆ; ಧ್ವಜವಾದ ಮೇಲೆಯೇ ನಿಲ್ಲಿಸುವವನು ಇಳಿಸುವುದರಿಂದ, ಕೆಲಸ ಮುಗಿಯುವವರೆಗೆ ಎಣಿಕೆ ಸೊನ್ನೆಯಾಗಲಾರದು. ನಾಲ್ಕು ಸಾಲಿನ ಈ ಯುಕ್ತಿಯೇ ತಿದ್ದುಪಡಿಯ ಪ್ರಾಣ. ಸಾಲುಗಳ ಸ್ಥಾನಪಲ್ಲಟ ಅದರ ದೇಹ ಮಾತ್ರ. ಯುಕ್ತಿಯನ್ನು ಬರೆಯುವುದರಿಂದ ಇನ್ನೊಂದು ಲಾಭವುಂಟು: ಅದು ಯಾವ ಊಹೆಯ ಮೇಲೆ ನಿಂತಿದೆಯೆಂಬುದು ತಾನಾಗಿ ಬಯಲಾಗುತ್ತದೆ. ಇಲ್ಲಿ ನಿಲ್ಲಿಸುವವನು ಒಬ್ಬನೇ ಎಂದು ಭಾವಿಸಿದ್ದೇವೆ. ಇಬ್ಬರಾದರೆ? ಒಬ್ಬನು ಕೆಲಸದಲ್ಲಿದ್ದು ಎಣಿಕೆ 2 ಆಗಿರುವಾಗ ನಿಲುಗಡೆಯ ಕೋರಿಕೆ ಎರಡು ಸಲ ಬಂದರೆ, ಮೊದಲನೆಯದು ಅದನ್ನು 1ಕ್ಕೂ ಎರಡನೆಯದು 0ಗೂ ಇಳಿಸಿ, ಕೆಲಸ ನಡೆಯುತ್ತಿರುವಂತೆಯೇ ನೆಲ ಕುಸಿಯುತ್ತದೆ. ಆದುದರಿಂದ ಧ್ವಜವನ್ನು ಏರಿಸುವ ಕ್ರಿಯೆಯೇ ಅವಿಭಾಜ್ಯವಾಗಿದ್ದು, ಮೊದಲು ಏರಿಸಿದವನಿಗೆ ಮಾತ್ರ ಇಳಿಸುವ ಅಧಿಕಾರವಿರಬೇಕು. ಈ ಮಾದರಿಯ ತಿದ್ದಿದ ರೂಪಗಳನ್ನು ಮುಂದಿನ ಸಂಶೋಧಕರು ಧಾರೆಗಳನ್ನು ಹೆಚ್ಚಿಸಿ ಪರೀಕ್ಷಿಸಿದಾಗ ಹೊಸ ಹೊಸ ದೋಷಗಳು ಹೊರಬಿದ್ದುವು. ಒಂದು ಪುಟವನ್ನೂ ತುಂಬದ ಪ್ರೋಗ್ರಾಮು ಇಷ್ಟು ಪಂಡಿತರನ್ನು ಇಷ್ಟು ವರ್ಷ ಹಿಡಿದಿಟ್ಟಿತೆಂಬುದನ್ನು ನೆನೆದರೆ, ಸಹಸ್ರಾರು ಸಾಲುಗಳ ಡ್ರೈವರನ್ನು ತಿಂಗಳೊಂದರಲ್ಲಿ ಮುಗಿಸಿಕೊಡಬೇಕೆಂದು ಕೇಳುವವರ ಧೈರ್ಯಕ್ಕೆ ನನಗೆ ಖೇದವಾಗುತ್ತದೆ.

ಲಾಕುಗಳ ವಿಚಾರದಲ್ಲಿ ಹೆಚ್ಚು ಹೇಳುವುದಿಲ್ಲ. ಒಂದು ಮಾತು ಮಾತ್ರ ಆವಶ್ಯಕ: ಇಂಟರಪ್ಟಿನೊಡನೆ ಹಂಚಿಕೊಂಡ ದತ್ತಾಂಶಕ್ಕೆ ಲಾಕೊಂದೇ ಸಾಲದು. ಸಾಧಾರಣ ಭಾಗವು ಲಾಕನ್ನು ಹಿಡಿದಿರುವಾಗ ಅದೇ ಪ್ರೊಸೆಸರಿನ ಮೇಲೆ ಇಂಟರಪ್ಟು ಬಂದು, ಅದನ್ನು ನೋಡಿಕೊಳ್ಳುವ ಭಾಗವೂ ಆ ಲಾಕಿಗಾಗಿ ಕಾಯತೊಡಗಿದರೆ, ಲಾಕನ್ನು ಬಿಡಬೇಕಾದವನು ಕೆಳಗೆ ಸಿಕ್ಕಿಬಿದ್ದಿದ್ದಾನೆ, ಕಾಯುವವನು ಮೇಲೆ ಕುಳಿತಿದ್ದಾನೆ. ಯಂತ್ರ ಶಾಶ್ವತವಾಗಿ ನಿಲ್ಲುತ್ತದೆ. ಅದಕ್ಕಾಗಿಯೇ ಲಿನಕ್ಸಿನಲ್ಲಿ ಇಂಟರಪ್ಟುಗಳನ್ನು ತಡೆಹಿಡಿದು, ಬಿಡುವಾಗುವವರೆಗೆ ಸುತ್ತುತ್ತ ಕಾಯುವ ಸ್ಪಿನ್‌ಲಾಕನ್ನು ತೆಗೆದುಕೊಳ್ಳುವ ಪದ್ಧತಿ ಬಂದಿತು. ಹಾಗೆಯೇ ಒಬ್ಬನು ಮೊದಲನೆಯ ಲಾಕನ್ನು ಹಿಡಿದು ಎರಡನೆಯದಕ್ಕೂ, ಇನ್ನೊಬ್ಬನು ಎರಡನೆಯದನ್ನು ಹಿಡಿದು ಮೊದಲನೆಯದಕ್ಕೂ ಕಾದರೆ ಡೆಡ್‌ಲಾಕ್. ಇದನ್ನು ಮುಂಗಂಡು ಎಚ್ಚರಿಸುವ ಲಾಕ್‌ಡೆಪ್ ಎಂಬ ವ್ಯವಸ್ಥೆಯನ್ನು ಇಂಗೋ ಮೊಲ್ನಾರ್ 2006ರಲ್ಲಿ ಕರ್ನಲಿಗೆ ಸೇರಿಸಿದರು.

ಲಿನಕ್ಸಿನ ಇತಿಹಾಸವನ್ನೇ ಒಡೆತನದ ಇತಿಹಾಸವೆಂದು ಓದಬಹುದು. 1996ರಲ್ಲಿ ಬಹುಪ್ರೊಸೆಸರ್ ಯಂತ್ರಗಳಿಗೆ ಅದು ಮೊದಲು ಹೊಂದಿಕೊಂಡಾಗ ಇಡೀ ಕರ್ನಲಿಗೆ ಒಂದೇ ದೊಡ್ಡ ಲಾಕನ್ನು ಇಡಲಾಯಿತು. ಸುರಕ್ಷಿತ, ಆದರೆ ನಿಧಾನ. ಅದನ್ನು ಅಂಶಾಂಶವಾಗಿ ಒಡೆದು ಸಣ್ಣ ಸಣ್ಣ ಲಾಕುಗಳಾಗಿಸಿ, ದೊಡ್ಡದನ್ನು ಸಂಪೂರ್ಣವಾಗಿ ತೊಡೆದುಹಾಕುವಷ್ಟರಲ್ಲಿ 2011 ಬಂದಿತ್ತು. ಹದಿನೈದು ವರ್ಷಗಳ ಈ ಕೆಲಸದ ಕಷ್ಟವಾದ ಭಾಗವೆಂದರೆ, ಆ ಲಾಕು ಯಾವ ಯಾವ ದತ್ತಾಂಶವನ್ನು ಕಾಯುತ್ತಿತ್ತೆಂಬುದನ್ನು ಯಾರೂ ಬರೆದಿಟ್ಟಿರಲಿಲ್ಲ. ಪ್ರತಿಯೊಂದು ಡ್ರೈವರನ್ನೂ ಓದಿ ಊಹಿಸಬೇಕಾಯಿತು. ನಡುವೆ 2002ರಲ್ಲಿ, ಓದುವವರು ಲಾಕನ್ನೇ ತೆಗೆದುಕೊಳ್ಳದೆ ನಿರಾತಂಕವಾಗಿ ಓದುತ್ತಿರಲು, ಬರೆಯುವವನು ಹೊಸ ಪ್ರತಿಯೊಂದನ್ನು ಸಿದ್ಧಪಡಿಸಿ ನೆಟ್ಟು, ಹಳೆಯದನ್ನು ಓದುತ್ತಿರುವವರೆಲ್ಲ ಮುಗಿಸಿದ ಮೇಲೆಯೇ ಅದನ್ನು ವಿಸರ್ಜಿಸುವ ಆರ್‌ಸಿಯು ಎಂಬ ಪದ್ಧತಿ ಕರ್ನಲನ್ನು ಸೇರಿತು. ಅದರ ಪ್ರವರ್ತಕರಾದ ಪಾಲ್ ಮೆಕೆನಿಯವರೊಡನೆ ಲಿನಕ್ಸಿನಲ್ಲಿ ಅದನ್ನು ನೆಲೆಗೊಳಿಸಿದವರಲ್ಲಿ ಐಬಿಎಂ ಸಂಸ್ಥೆಯ ಬೆಂಗಳೂರು ಕೇಂದ್ರದ ದೀಪಂಕರ್ ಸರ್ಮಾ ಪ್ರಮುಖರು. ನಮ್ಮ ಕೈಗಳಲ್ಲಿರುವ ಆಂಡ್ರಾಯ್ಡ್ ಫೋನುಗಳಲ್ಲೆಲ್ಲ ಆ ಪದ್ಧತಿ ಈ ಕ್ಷಣವೂ ಕೆಲಸಮಾಡುತ್ತಿದೆ.

ಮಹಾಪ್ರವೀಣರಿಗೂ ತಿದ್ದುಪಡಿ ಎಷ್ಟು ದುಸ್ಸಾಧ್ಯವೆಂಬುದಕ್ಕೆ 2016ರ ‘ಡರ್ಟಿ ಕೌ’ ಪ್ರಕರಣ ಸಾಕ್ಷಿ. ಕರ್ನಲಿನ ಮೆಮೊರಿ ನಿರ್ವಹಣೆಯಲ್ಲಿದ್ದ ಆ ಕಾಲಸ್ಪರ್ಧೆಯನ್ನು ಬಳಸಿಕೊಂಡು ಸಾಮಾನ್ಯ ಬಳಕೆದಾರನು ಯಂತ್ರದ ಸರ್ವಾಧಿಕಾರವನ್ನೂ ಕಸಿದುಕೊಳ್ಳಬಹುದಾಗಿತ್ತು. ಅದನ್ನು ತಿದ್ದಿದ, ಲಿನಕ್ಸಿನ ಜನಕರಾದ ಲೈನಸ್ ಟೋರ್ವಾಲ್ಡ್ಸ್, ಹನ್ನೊಂದು ವರ್ಷಗಳ ಹಿಂದೆ ತಾವೇ ಅದನ್ನು ತಿದ್ದಲು ಯತ್ನಿಸಿದ್ದುದನ್ನೂ, ಮತ್ತೊಂದು ಜಾತಿಯ ಯಂತ್ರದಲ್ಲಿ ತೊಂದರೆಯಾಯಿತೆಂದು ಆ ತಿದ್ದುಪಡಿಯನ್ನು ಅನಂತರ ತೆಗೆದುಹಾಕಲಾದದ್ದನ್ನೂ ತಿದ್ದುಪಡಿಯ ಟಿಪ್ಪಣಿಯಲ್ಲಿ ನಮೂದಿಸಿದರು.

ಮತ್ತೊಂದು ಜಾತಿಯ ಯಂತ್ರವೆಂದೆನಲ್ಲ, ಆ ಮಾತು ಚೆನ್ನೈಗೆ ವಿಶೇಷವಾಗಿ ಅನ್ವಯಿಸುತ್ತದೆ. ಐಐಟಿ ಮದರಾಸಿನಲ್ಲಿ ವಿ. ಕಾಮಕೋಟಿಯವರ ನೇತೃತ್ವದಲ್ಲಿ 2014ರಲ್ಲಿ ಆರಂಭವಾದ ಶಕ್ತಿ ಯೋಜನೆಯು ರಿಸ್ಕ್-ಫೈವ್ ಎಂಬ ಮುಕ್ತ ವಿನ್ಯಾಸದ ಮೇರೆಗೆ ಪ್ರೊಸೆಸರುಗಳನ್ನು ರಚಿಸುತ್ತ ಬಂದಿದೆ. 2018ರಲ್ಲಿ ಅದರ ಒಂದು ಚಿಪ್ಪು ಇಂಟೆಲ್ಲಿನ ಕಾರ್ಖಾನೆಯಲ್ಲಿ 22 ನ್ಯಾನೋಮೀಟರಿನಲ್ಲಿಯೂ, ಇನ್ನೊಂದು ಚಂಡೀಗಢದ ಕಾರ್ಖಾನೆಯಲ್ಲಿ 180 ನ್ಯಾನೋಮೀಟರಿನಲ್ಲಿಯೂ ಸಿದ್ಧವಾದುವು. ನಾವು ಬರೆದ ಕ್ರಮದಲ್ಲಿಯೇ ಯಂತ್ರ ಬರೆಯುತ್ತದೆಂದು ನಂಬುವುದು ಮನುಷ್ಯಸಹಜ. ಆದರೆ ನೆಟ್‌ವರ್ಕ್ ಕಾರ್ಡಿನ ಡ್ರೈವರು ಮೊದಲು ಕಳುಹಿಸಬೇಕಾದ ದತ್ತಾಂಶವನ್ನು ಮೆಮೊರಿಯಲ್ಲಿಟ್ಟು, ಅನಂತರ ‘ಸಿದ್ಧ’ವೆಂಬ ಗುರುತನ್ನು ಬರೆದಾಗ, ಗುರುತು ಮೊದಲೂ ದತ್ತಾಂಶ ಅನಂತರವೂ ಮತ್ತೊಬ್ಬರಿಗೆ ಕಾಣಿಸುವುದಕ್ಕೆ ರಿಸ್ಕ್-ಫೈವ್ ನಿಯಮಗಳಲ್ಲಿ ಅವಕಾಶವುಂಟು. ಇಂಟೆಲ್ ಜಾತಿಯ ಯಂತ್ರಗಳು ಎರಡು ಬರಹಗಳ ಕ್ರಮವನ್ನು ಸಾಮಾನ್ಯ ಮೆಮೊರಿಯಲ್ಲಿ ಪಾಲಿಸುವುದರಿಂದ, ಅವುಗಳ ಮೇಲೆ ವರ್ಷಗಟ್ಟಲೆ ನಿರ್ದುಷ್ಟವಾಗಿ ನಡೆದ ಡ್ರೈವರು ಶಕ್ತಿಯಂತಹ ವಿನ್ಯಾಸಕ್ಕೆ ಬಂದಾಗ ಎಡವಬಹುದು. ಎರಡು ಬರಹಗಳ ನಡುವೆ ‘ಫೆನ್ಸ್’ ಎಂಬ ಆದೇಶವನ್ನಿಟ್ಟು ಕ್ರಮವನ್ನು ಕಡ್ಡಾಯಗೊಳಿಸಬೇಕು. ಎಲ್ಲಿಡಬೇಕೆಂಬುದನ್ನು ಮತ್ತೆ ಯುಕ್ತಿಯೇ ಹೇಳಬೇಕು. ಸ್ವದೇಶದ ಪ್ರೊಸೆಸರಿನ ಮೇಲೆ ಸ್ವದೇಶದ ಆಪರೇಟಿಂಗ್ ಸಿಸ್ಟಂ ನಡೆಯಬೇಕೆಂಬ ಅಭಿಲಾಷೆಗೆ ನನ್ನ ಪೂರ್ಣ ಸಹಾನುಭೂತಿಯಿದೆ. ಆ ಅಭಿಲಾಷೆಯ ಸಿದ್ಧಿ ಬಹುಮಟ್ಟಿಗೆ ಇಂತಹ ಅಗೋಚರ ಸಾಲುಗಳನ್ನು ಅವಲಂಬಿಸಿದೆಯೆಂಬುದನ್ನು ಅದಕ್ಕೆ ಹಣವೊದಗಿಸುವವರೂ ಅರಿತಿರಬೇಕು.

ಶೋಧನೆಯ ಸಲಕರಣೆಗಳು ಈಗ ಹೇರಳ. 2020ರಿಂದ ಲಿನಕ್ಸ್ ಕರ್ನಲಿನಲ್ಲಿಯೇ ಕೆಸಿಸ್ಯಾನ್ ಎಂಬ ಶೋಧಕವಿದೆ. ಅದು ನಡೆಯುತ್ತಿರುವ ಕರ್ನಲಿನ ಆಯ್ದ ಓದುಬರಹಗಳನ್ನು ಕ್ಷಣಕಾಲ ತಡೆದು, ಆ ಅವಧಿಯಲ್ಲಿ ಬೇರೆ ಯಾರಾದರೂ ಅದೇ ಸ್ಥಳವನ್ನು ಮುಟ್ಟುವರೇ ಎಂದು ಕಾವಲಿರುತ್ತದೆ. ಉಪಯುಕ್ತವಾದದ್ದೇ; ಆದರೆ ಅದು ನಡೆದದ್ದನ್ನು ಕಾಣಬಲ್ಲದು, ನಡೆಯಬಹುದಾದದ್ದನ್ನೆಲ್ಲ ಕಾಣಲಾರದು. ಅದಕ್ಕೆ ಬೇಕಾದದ್ದು ಸಿದ್ಧಾಂತ; ಅದರಲ್ಲಿ ಈ ನಗರಕ್ಕೆ ದೊಡ್ಡ ಹೆಸರಿದೆ. 1962ರಲ್ಲಿ ಸ್ಥಾಪಿತವಾದ ತರಮಣಿಯ ಗಣಿತವಿಜ್ಞಾನ ಸಂಸ್ಥೆಯಲ್ಲಿಯೂ, 1989ರಲ್ಲಿ ಗಣಿತಜ್ಞ ಸಿ.ಎಸ್. ಶೇಷಾದ್ರಿಯವರು ಸ್ಪಿಕ್ ಪ್ರತಿಷ್ಠಾನದ ಆಶ್ರಯದಲ್ಲಿ ಆರಂಭಿಸಿ ಈಗ ಸಿರುಸೇರಿಯಲ್ಲಿ ನೆಲೆನಿಂತಿರುವ ಚೆನ್ನೈ ಗಣಿತ ಸಂಸ್ಥೆಯಲ್ಲಿಯೂ ಪಿ.ಎಸ್. ತ್ಯಾಗರಾಜನ್, ಆರ್. ರಾಮಾನುಜಂ, ಕಮಲ್ ಲೋಡಾಯ, ಮಾಧವನ್ ಮುಕುಂದ್ ಮೊದಲಾದವರು ಏಕಕಾಲಿಕ ಕ್ರಿಯೆಗಳ ಗಣಿತವನ್ನು ದಶಕಗಳ ಕಾಲ ಬೆಳೆಸಿದರು. ಎರಡು ಘಟನೆಗಳಲ್ಲಿ ಯಾವುದು ಮೊದಲು ಎಂಬ ಪ್ರಶ್ನೆಗೆ ಗಡಿಯಾರವಿಲ್ಲದೆ, ಯಾವುದು ಯಾವುದಕ್ಕೆ ಕಾರಣವಾಯಿತೆಂಬುದರಿಂದಲೇ ಉತ್ತರ ಕೊಡಬೇಕೆಂಬ ದೃಷ್ಟಿ ಆ ಗಣಿತದ ಬುನಾದಿ. ಗಣಕವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್ 1978ರಲ್ಲಿ ಪ್ರತಿಪಾದಿಸಿದ ಆ ಪೂರ್ವಾಪರ ಸಂಬಂಧವೇ ಇಂದು ಕಾಲಸ್ಪರ್ಧೆಯ ಶಾಸ್ತ್ರೀಯ ಲಕ್ಷಣಕ್ಕೆ ಆಧಾರ: ಒಂದೇ ಸ್ಥಳವನ್ನು ಮುಟ್ಟುವ, ಒಂದಾದರೂ ಬರಹವಾಗಿರುವ ಎರಡು ಕ್ರಿಯೆಗಳ ನಡುವೆ ಆ ಸಂಬಂಧವಿಲ್ಲದಿದ್ದರೆ ಅಲ್ಲಿ ಸ್ಪರ್ಧೆಯಿದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಿಕಿತಾ ಚೋಪ್ರಾ, ರೇಖಾ ಪೈ ಮತ್ತು ದೀಪಕ್ ಡಿಸೋಜ ಈ ಲಕ್ಷಣವನ್ನು 2019ರ ಒಂದು ಪ್ರಬಂಧದಲ್ಲಿ ಇಂಟರಪ್ಟುಗಳಿಂದ ನಡೆಯುವ ಕರ್ನಲುಗಳಿಗೆ ವಿಸ್ತರಿಸಿದರು. ಸಣ್ಣ ಯಂತ್ರಗಳಲ್ಲಿ ಬಳಕೆಯಲ್ಲಿರುವ ಫ್ರೀಆರ್‌ಟಿಒಎಸ್ ಎಂಬ ಕರ್ನಲನ್ನು ಅವರು ಪರೀಕ್ಷೆಗೆ ತೆಗೆದುಕೊಂಡರು. ಅಲ್ಲಿ ಸಾಂಪ್ರದಾಯಿಕವಾದ ಲಾಕುಗಳು ಕಾಣಸಿಗುವುದು ವಿರಳ. ಒಂದೆಡೆ ಇಂಟರಪ್ಟುಗಳನ್ನು ತಡೆಹಿಡಿದಿರುತ್ತಾರೆ, ಇನ್ನೊಂದೆಡೆ ಸರದಿ ಬದಲಾವಣೆಯನ್ನು ಮಾತ್ರ ನಿಲ್ಲಿಸಿರುತ್ತಾರೆ, ಮತ್ತೊಂದೆಡೆ ಒಂದು ಧ್ವಜದಿಂದಲೇ ಕೆಲಸ ಸಾಗಿಸುತ್ತಾರೆ. ಲಾಕನ್ನು ಮಾತ್ರ ಹುಡುಕುವ ಸಲಕರಣೆಗೆ ಇವೆಲ್ಲ ಸ್ಪರ್ಧೆಗಳಾಗಿಯೇ ತೋರುವುವು. ಆ ಮೂವರು ಪ್ರೋಗ್ರಾಮಿನ ಪಠ್ಯದಲ್ಲಿ, ಒಂದು ನಡೆಯುತ್ತಿರುವಾಗ ಇನ್ನೊಂದು ನಡೆಯಲಾರದೆಂದು ಖಚಿತವಾಗಿ ಹೇಳಬಹುದಾದ ಖಂಡಗಳ ಜೋಡಿಗಳನ್ನು ಗುರುತಿಸಿ, ಅವುಗಳಿಂದಲೇ ಪೂರ್ವಾಪರ ಸಂಬಂಧವನ್ನು ನಿರ್ಮಿಸಿದರು. ಯಾವ ಜೋಡಿಗೂ ಸೇರದೆ ಉಳಿದ ಪರಸ್ಪರವಿರುದ್ಧ ಕ್ರಿಯೆಗಳೇ ನಿಜವಾದ ಸಂಶಯಸ್ಥಾನಗಳು. ಡ್ರೈವರಿನ ಲೇಖಕನು ತನ್ನ ಮನಸ್ಸಿನಲ್ಲಿಟ್ಟುಕೊಂಡು ಎಂದೂ ಬರೆಯದೆ ಹೋದ ಒಡೆತನದ ಪಟ್ಟಿಯನ್ನು ಹೀಗೆ ಪಠ್ಯದಿಂದಲೇ ಹೊರತೆಗೆಯಲು ಸಾಧ್ಯವಾಯಿತು.

ಈ ರಚನೆ ಒಂದೇ ಪ್ರೊಸೆಸರಿನ ಯಂತ್ರಕ್ಕೆ ಸಲ್ಲತಕ್ಕದ್ದು. ಇಂಟರಪ್ಟನ್ನು ತಡೆಹಿಡಿದರೆ ಆ ಪ್ರೊಸೆಸರಿನ ಮೇಲೆ ಇನ್ನಾರೂ ಬರಲಾರರೆಂಬುದು ನಿಜ. ಪಕ್ಕದ ಪ್ರೊಸೆಸರಿಗೆ ಆ ನಿಷೇಧ ತಟ್ಟುವುದಿಲ್ಲ. ಸಣ್ಣ ಯಂತ್ರಗಳಲ್ಲಿಯೂ ಈಗ ಎರಡು, ನಾಲ್ಕು ಪ್ರೊಸೆಸರುಗಳು ಸಾಮಾನ್ಯವಾಗುತ್ತಿರುವುದರಿಂದ, ಒಂದೇ ಪ್ರೊಸೆಸರಿನ ಕಾಲದಲ್ಲಿ ಬರೆದ ಡ್ರೈವರುಗಳನ್ನು ಅವುಗಳಿಗೆ ಒಯ್ಯುವ ಮುನ್ನ, ಪರಸ್ಪರ ಪ್ರತ್ಯೇಕವೆಂದು ನಂಬಿದ್ದ ಖಂಡಗಳಲ್ಲಿ ಯಾವುವು ಇನ್ನೂ ಪ್ರತ್ಯೇಕವಾಗಿ ಉಳಿದಿವೆ, ಯಾವುವಕ್ಕೆ ಹೊಸದಾಗಿ ಲಾಕು ಬೇಕು, ಯಾವುವಕ್ಕೆ ಫೆನ್ಸು ಬೇಕು ಎಂಬುದನ್ನು ಒಂದೊಂದಾಗಿ ಪುನಃ ಸಾಧಿಸಬೇಕಾಗುತ್ತದೆ. ಈ ಸಭೆಯಲ್ಲಿ ಎಂಜಿನಿಯರಿಂಗ್ ಓದುತ್ತಿರುವ ತರುಣತರುಣಿಯರು ಹಲವರಿದ್ದಾರೆ. ಅವರಲ್ಲಿ ಆಸಕ್ತಿಯುಳ್ಳವರು ಬ್ಲೂಟೂತ್ ಡ್ರೈವರಿನ ಆ ಪುಟ್ಟ ಮಾದರಿಯನ್ನು ಮೊದಲು ಕಾಗದದ ಮೇಲೆ ಬರೆದುಕೊಂಡು, ನಿಲ್ಲಿಸುವವರು ಇಬ್ಬರು ಮತ್ತು ಆರಂಭಿಸುವವರು ಇಬ್ಬರು ಇದ್ದಾಗ ನಿಲ್ಲಬಲ್ಲ ಯುಕ್ತಿಯೊಂದನ್ನು ರಚಿಸಿ ತಂದರೆ, ಕುಳಿತು ಓದಿ ಚರ್ಚಿಸಲು ನಾನು ಸಂತೋಷದಿಂದ ಸಿದ್ಧನಿದ್ದೇನೆ.